ಶಿವಮೊಗ್ಗದಲ್ಲಿ ಕೂತು ಸ್ವಾಲ್ಬಾರ್ಡ್ ಫೈಲು ಮಾಡಿಸುವುದು: ಒಂದು ಎಕ್ಸ್‌ಪೆಡಿಷನ್ ಸೇವೆಯ ವಿಮರ್ಶೆ

ವಿದ್ಯಾರ್ಥಿ ವೀಸಾ, ಯುರೋಪ್ ಟೂರು ಅಂತ ನಡೆಸಿಕೊಂಡು ಬಂದ ಶಿವಮೊಗ್ಗ ಪೇಟೆಯ ಒಂದು ಕಚೇರಿ ಈಗ ಆರ್ಕ್ಟಿಕ್‌ಗೆ ಹೊರಟ ತಂಡಗಳ ‘ಸಂಪೂರ್ಣ ವ್ಯವಹಾರ’ ನೋಡಿಕೊಳ್ಳುತ್ತೇವೆ ಎಂದು ಬೋರ್ಡು ಹಾಕಿದೆ. ಸ್ಕೀ ಕಟ್ಟಿ ನಡೆಸುವುದು, ಡೇರೆ ಹೂಡಿಸುವುದು ಅವರ ಬಾಬ್ತಲ್ಲ; ಅದಕ್ಕೆ ಉತ್ತರ ಧ್ರುವದ ಕಡೆಯ ನಾರ್ವೆ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಮುಖ್ಯ ಊರು ಲಾಂಗಿಯರ್‌ಬಿಯೆನ್‌ನಲ್ಲಿ ಗೈಡುಗಳಿದ್ದಾರೆ. ಇವರು ಮಾಡಿಕೊಡುವುದು ವೀಸಾ, ಪರವಾನಗಿ, ಕಸ್ಟಮ್ಸ್, ವಿಮೆ, ಹಣ ರವಾನೆ, ಪ್ರಾಯೋಜಕರ ಕರಾರು, ಕೊನೆಗೆ ಬೀಳ್ಕೊಡುಗೆ ಸಮಾರಂಭ. ಫೀ ಎರಡು ತುಂಡು: ಫೈಲಿಗೆ ಇಷ್ಟು ಎಂದು ಒಂದು, ಅವರ ಮೂಲಕ ಬಂದ ಪ್ರಾಯೋಜಕತ್ವದಲ್ಲಿ ಶೇ 10 ಎಂದು ಇನ್ನೊಂದು. ಮೊದಲನೆಯದು ಕೊಡಬಹುದಾದ ದುಡ್ಡು. ಎರಡನೆಯದಕ್ಕೆ ಸಹಿ ಹಾಕುವ ಮುಂಚೆ ಕೆಳಗಿನದನ್ನು ಓದಿ.

ವೀಸಾ ಕೆಲಸದಲ್ಲಿ ಇವರಿಗೆ ಕೈ ಕುದುರಿದೆ. ಸ್ವಾಲ್ಬಾರ್ಡ್‌ಗೆ ವೀಸಾನೇ ಬೇಡ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಮಾತು ಸುಳ್ಳಲ್ಲ, ಆದರೆ ಭಾರತದಿಂದ ಹೋಗುವವರು ನಾರ್ವೆಯ ಮುಖ್ಯಭೂಮಿ ದಾಟದೆ ಅಲ್ಲಿ ಮುಟ್ಟುವುದಿಲ್ಲ. ನಾರ್ವೆ ಷೆಂಗೆನ್, ಅಂದರೆ ಒಂದೇ ವೀಸಾದ ಯುರೋಪ್ ದೇಶಗಳ ಕೂಟದ ಒಳಗಿದೆ, ಸ್ವಾಲ್ಬಾರ್ಡ್ ಹೊರಗಿದೆ. ಓಸ್ಲೋ ಅಥವಾ ಟ್ರೋಮ್ಸೋದಲ್ಲಿ ಪಾಸ್‌ಪೋರ್ಟ್ ತಪಾಸಣೆ ಮುಗಿಸಿ ವಿಮಾನ ಹತ್ತಿದಿರೆಂದರೆ ಷೆಂಗೆನ್ ಬಿಟ್ಟಂತೆ, ವಾಪಸು ಇಳಿದರೆ ಎರಡನೇ ಸಲ ಪ್ರವೇಶಿಸಿದಂತೆ. ಸಿಂಗಲ್ ಎಂಟ್ರಿ ವೀಸಾ ಹಿಡಿದುಕೊಂಡು ಹೋದವರು ವಾಪಸು ಬರುವಾಗ ಸಿಕ್ಕಿಬೀಳುವುದು ಇಲ್ಲೇ. ಈ ಕಚೇರಿ ಅರ್ಜಿಯಲ್ಲಿ ಮಲ್ಟಿಪಲ್ ಎಂಟ್ರಿ ಎಂದು ಗುರುತು ಹಾಕಿ, ಯಾಕೆ ಬೇಕು ಎಂದು ಕವರಿಂಗ್ ಲೆಟರಿನಲ್ಲಿ ಎರಡು ಸಾಲು ಬರೆದು, ಲಾಂಗಿಯರ್‌ಬಿಯೆನ್‌ಗೆ ಹೋಗಿಬರುವ ಟಿಕೆಟ್ಟಿನ ಪ್ರತಿ ಲಗತ್ತಿಸುತ್ತದೆ. ಬೆರಳಚ್ಚಿಗೆ ಬೆಂಗಳೂರಿನ ವಿಎಫ್‌ಎಸ್ ಕೇಂದ್ರಕ್ಕೆ ಇಡೀ ತಂಡವನ್ನು ಒಂದೇ ದಿನ ಕಳಿಸುತ್ತಾರೆ. ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ; ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಅರ್ಜಿ ತಗೊಳ್ಳುವುದಿಲ್ಲ. ಗ್ರೀನ್‌ಲ್ಯಾಂಡ್ ಫೈಲಾದರೆ ಡ್ಯಾನಿಷ್ ವೀಸಾದ ಮೇಲೆ ‘ಗ್ರೀನ್‌ಲ್ಯಾಂಡ್‌ಗೂ ಸಿಂಧು’ ಎಂಬ ಒಕ್ಕಣೆ ಪ್ರತ್ಯೇಕವಾಗಿ ಇರಬೇಕು. ಅದನ್ನೂ ಕೇಳಿ ಹಾಕಿಸುತ್ತಾರೆ.

ಮುಂದಿನದು ಸ್ವಾಲ್ಬಾರ್ಡ್ ಗವರ್ನರ್ ಕಚೇರಿ, ಅಲ್ಲಿನವರ ಬಾಯಲ್ಲಿ ಸಿಸೆಲ್‌ಮೆಸ್ಟರ್. ನಮ್ಮ ಲೆಕ್ಕದಲ್ಲಿ ಜಿಲ್ಲಾಧಿಕಾರಿ, ಎಸ್‌ಪಿ, ಅರಣ್ಯಾಧಿಕಾರಿ ಮೂವರೂ ಒಂದೇ ಕುರ್ಚಿಯಲ್ಲಿ ಕೂತ ಹಾಗೆ. ಲಾಂಗಿಯರ್‌ಬಿಯೆನ್ ಸುತ್ತಲಿನ 10ನೇ ನಿರ್ವಹಣಾ ವಲಯ ದಾಟಿ ಹೋಗುವ ತಂಡ ತನ್ನ ದಾರಿ, ದಿನಾಂಕ, ಸದಸ್ಯರು, ಸಲಕರಣೆ, ಸಂಪರ್ಕ ಸಾಧನ ಇಷ್ಟನ್ನೂ ಮೊದಲೇ ತಿಳಿಸಬೇಕು. ಹುಡುಕಾಟ ಮತ್ತು ರಕ್ಷಣೆಯ ಖರ್ಚಿಗೆ ವಿಮೆ ಅಥವಾ ಬ್ಯಾಂಕ್ ಗ್ಯಾರಂಟಿ ತೋರಿಸಬೇಕು. ಮೊತ್ತ ಎಷ್ಟು ಎಂಬುದನ್ನು ದಾರಿ ನೋಡಿ ಅವರೇ ಹೇಳುತ್ತಾರೆ. ಗೈಡ್ ಕಂಪನಿ ಜೊತೆ ಹೋಗುವವರ ಪರವಾಗಿ ಕಂಪನಿಯೇ ಇದನ್ನು ಮಾಡುತ್ತದೆ. ಸ್ವಂತವಾಗಿ ಹೋಗುವ ತಂಡಕ್ಕೆ ಮಾತ್ರ ಈ ಸೇವೆಯ ಅಗತ್ಯ, ಹಾಗಾಗಿ ಗೈಡ್ ಇಟ್ಟುಕೊಂಡವರು ಈ ಬಾಬ್ತಿಗೆ ಫೀ ಕಟ್ಟುವುದು ದಂಡ. ಬಿಲ್ಲಿನಲ್ಲಿ ಅದು ಸೇರಿಕೊಂಡೇ ಬರುತ್ತದೆ, ಕೇಳಿದರೆ ತೆಗೆಯುತ್ತಾರೆ.

ಇವರ ಮಾದರಿ ಅರ್ಜಿಯಲ್ಲಿ ದಾರಿಯ ಕಾಲಂ ಸೊರಗಿದೆ. ‘ಪೂರ್ವ ಕರಾವಳಿಗೆ ಸ್ಕೀಯಿಂಗ್’ ಎಂದರೆ ಗವರ್ನರ್ ಕಚೇರಿಯಿಂದ ಪ್ರಶ್ನೆ ವಾಪಸು ಬರುತ್ತದೆ, ಎರಡು ವಾರ ಹೋಗುತ್ತದೆ. ಪ್ರತಿ ದಿನದ ತಂಗುದಾಣದ ಅಕ್ಷಾಂಶ ರೇಖಾಂಶ, ಯಾವ ಹಿಮನದಿ ಹತ್ತಿ ಯಾವುದರಲ್ಲಿ ಇಳಿಯುವುದು, ಫಿಯೋರ್ಡಿನ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ) ಮಂಜು ಒಡೆದಿದ್ದರೆ ಬದಲಿ ದಾರಿ ಯಾವುದು, ಎಲ್ಲಿಂದ ವಾಪಸು ತಿರುಗುವುದು, ಇಷ್ಟು ಒಂದೇ ಪುಟದ ಕೋಷ್ಟಕದಲ್ಲಿರಲಿ. ಇದನ್ನು ಕಚೇರಿಯ ಗುಮಾಸ್ತರು ಬರೆಯಲಾರರು. ದಾರಿ ನಡೆಯುವವರೇ ಬರೆಯಬೇಕು.

ಬಂದೂಕಿನ ವಿಷಯ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ, ಅದಕ್ಕೇ ಇಲ್ಲಿ ತಪ್ಪುವುದೂ ಹೆಚ್ಚು. ಸ್ವಾಲ್ಬಾರ್ಡ್‌ನಲ್ಲಿ ವಸತಿ ಪ್ರದೇಶದ ಹೊರಗೆ ಹಿಮಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಕಡ್ಡಾಯ, ಅಂದರೆ ಫ್ಲೇರ್ ಪಿಸ್ತೂಲು ಮೊದಲಾದವು. ಅದರ ಜೊತೆಗೆ ರೈಫಲ್ಲೂ ಇರಲಿ ಎಂದು ಗವರ್ನರ್ ಕಚೇರಿ ಹೇಳುತ್ತದೆ, .308 ಅಥವಾ .30-06 ಕ್ಯಾಲಿಬರ್‌ಗೆ ಕಡಿಮೆಯಿಲ್ಲದ್ದು. ಮನೆಯಲ್ಲಿ ಬೆಳೆ ರಕ್ಷಣೆ ಪರವಾನಗಿಯ ಕೋವಿ ಇದೆ, ಅದರ ಲೈಸೆನ್ಸ್ ಪ್ರತಿ ಸಾಕು ಎಂದುಕೊಂಡು ಹೊರಟರೆ ಕನ್ನಡದ ಮೊಹರು ನೋಡಿ ಅಲ್ಲಿನವರು ಏನು ಮಾಡಬೇಕು? ಸರಳ ದಾರಿ ಎಂದರೆ ಲಾಂಗಿಯರ್‌ಬಿಯೆನ್‌ನಲ್ಲೇ ಬಾಡಿಗೆಗೆ ಪಡೆಯುವುದು. ಅದಕ್ಕೆ ಗವರ್ನರ್ ಅನುಮತಿ ಬೇಕು, ಅನುಮತಿಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟ್ ಮೂರು ತಿಂಗಳಿಗಿಂತ ಹಳೆಯದಾಗಿರಬಾರದು. ಈ ಕಚೇರಿ ಎಲ್ಲ ಕಾಗದವನ್ನೂ ಫೈಲು ತೆರೆದ ವಾರವೇ ಮಾಡಿಸುತ್ತದೆ. ಅಕ್ಟೋಬರ್‌ನಲ್ಲಿ ತೆಗೆದ ಸರ್ಟಿಫಿಕೇಟು ಏಪ್ರಿಲ್ ಯಾತ್ರೆಗೆ ಕೆಲಸಕ್ಕೆ ಬಾರದು. ತೀರಾ ತಡ ಮಾಡಿದರೂ ಕಷ್ಟ. ಪಾಸ್‌ಪೋರ್ಟಿನಲ್ಲಿ ಹಳ್ಳಿಯ ಹೆಸರು, ಆಧಾರಿನಲ್ಲಿ ಅಂಚೆಯ ಹೆಸರು, ಹೀಗೆ ವಿಳಾಸ ಎರಡು ಥರ ಇದ್ದರೆ ಠಾಣೆಯ ಪರಿಶೀಲನೆ ಎಳೆದಾಡುತ್ತದೆ. ಡಿಸೆಂಬರ್‌ನಲ್ಲಿ ವಿಳಾಸ ಸರಿಮಾಡಿಕೊಂಡು ಜನವರಿ ಕೊನೆಗೆ ಅರ್ಜಿ ಹಾಕುವುದು ಲೆಕ್ಕಕ್ಕೆ ಕೂರುತ್ತದೆ. ಕರಡಿಯ ಹತ್ತಿರ ಹೋಗುವುದೂ ಅಪರಾಧವೇ: 2025ರ ಜನವರಿ 1ರಿಂದ 300 ಮೀಟರ್ ಅಂತರ, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಪ್ರಾಯೋಜಕರಿಗೆ ‘ಕರಡಿ ಜೊತೆ ಫೋಟೊ’ ಒಪ್ಪಿಕೊಂಡು ಬರಬೇಡಿ.

ವಿಮೆಯಲ್ಲಿ ಈ ಸೇವೆ ನೇರವಾಗಿ ಸೋಲುತ್ತದೆ. ಷೆಂಗೆನ್ ವೀಸಾಕ್ಕೆ ಬೇಕಾದ 30,000 ಯೂರೋ ಮೊತ್ತದ ಸಾಮಾನ್ಯ ಪ್ರಯಾಣ ವಿಮೆ ಕೊಡಿಸಿ, ಅದನ್ನೇ ಎಕ್ಸ್‌ಪೆಡಿಷನ್ ವಿಮೆ ಎಂದು ಫೈಲಿಗೆ ಪಿನ್ನು ಹೊಡೆಯುತ್ತಾರೆ. ಆ ಪಾಲಿಸಿಯ ಕೊನೆಯ ಪುಟ ತಿರುವಿ: ಸಾಹಸ ಕ್ರೀಡೆ, ದುರ್ಗಮ ಪ್ರದೇಶದ ಯಾತ್ರೆ ಇವು ಹೊರಗಿಟ್ಟ ಬಾಬ್ತುಗಳ ಸಾಲಿನಲ್ಲಿರುತ್ತವೆ. ವೀಸಾಕ್ಕೆ ಒಂದು ಪಾಲಿಸಿ, ಹಿಮದ ಮೇಲಿನ ದಿನಗಳಿಗೆ ಹೆಲಿಕಾಪ್ಟರ್ ರಕ್ಷಣೆ ಸೇರಿದ ಇನ್ನೊಂದು, ಹೀಗೆ ಎರಡು ಬೇಕು. ಎರಡನೆಯದರಲ್ಲಿ ಸ್ವಾಲ್ಬಾರ್ಡ್ ಹೆಸರು, ಸ್ಕೀ ಯಾತ್ರೆ ಮತ್ತು ಹಿಮನದಿಯ ನಡಿಗೆ ಅಕ್ಷರದಲ್ಲಿ ನಮೂದಾಗಿರಬೇಕು. ಏಜೆಂಟರು ಫೋನಿನಲ್ಲಿ ‘ಕವರ್ ಆಗುತ್ತೆ ಸರ್’ ಅಂದರೆ ಅದನ್ನೇ ಇಮೇಲಿನಲ್ಲಿ ಬರೆದುಕೊಡಿ ಎನ್ನಿ.

ಕಸ್ಟಮ್ಸ್‌ಗೆ ಬಂದರೆ ಎಲ್ಲರಿಗೂ ಎಟಿಎ ಕಾರ್ನೆಟ್, ಅಂದರೆ ಸಾಮಾನನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಯ್ದು ತರುವ ಕಸ್ಟಮ್ಸ್ ಪುಸ್ತಕ, ಮಾಡಿಸುವ ಹುಮ್ಮಸ್ಸು ಇವರದು. ಭಾರತದಲ್ಲಿ ಅದನ್ನು ಕೊಡುವುದು ಉದ್ಯಮಿಗಳ ಒಕ್ಕೂಟ ಫಿಕ್ಕಿ. ಅವಧಿ ಒಂದು ವರ್ಷ, ಮೇಲೆ ಭದ್ರತಾ ಠೇವಣಿ. ಸಿನಿಮಾ ಕ್ಯಾಮೆರಾ, ಡ್ರೋನ್, ಪ್ರಾಯೋಜಕರು ಪರೀಕ್ಷೆಗೆ ಕೊಟ್ಟ ಉಪಕರಣ, ಇಂಥವು ಇದ್ದರೆ ಮಾಡಿಸಿ. ನಾಲ್ಕು ಜನ ತಮ್ಮ ಡೇರೆ, ಸ್ಲೀಪಿಂಗ್ ಬ್ಯಾಗ್, ಒಂದೆರಡು ಕ್ಯಾಮೆರಾ ಒಯ್ದು ತರುವುದಕ್ಕೆ ಇದು ಬೇಕಿಲ್ಲ. ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಬೆಲೆಬಾಳುವ ವಸ್ತುಗಳಿಗೆ ರಫ್ತು ಪ್ರಮಾಣಪತ್ರ ಬರೆಸಿಕೊಂಡರೆ ವಾಪಸು ಬರುವಾಗ ಸುಂಕದ ತಕರಾರಿಲ್ಲ. ಕಾರ್ನೆಟ್ ಮಾಡಿಸಿದವರು ಪಟ್ಟಿಯಲ್ಲಿ ‘ಕ್ಯಾಮೆರಾ, 3’ ಎಂದು ಬರೆಸಬೇಡಿ. ಕ್ಯಾಮೆರಾ ಬಾಡಿಯದ್ದು ಒಂದು ಸಾಲು, ಲೆನ್ಸಿನದ್ದು ಒಂದು ಸಾಲು, ಪ್ರತಿಯೊಂದಕ್ಕೂ ಸೀರಿಯಲ್ ನಂಬರು, ತೂಕ, ಬೆಲೆ. ಹಳದಿ ಹಾಳೆ ನಮ್ಮ ದೇಶ ಬಿಡುವಾಗ ಮತ್ತು ವಾಪಸು ಬರುವಾಗ, ಬಿಳಿ ಹಾಳೆ ನಾರ್ವೆ ಒಳಗೆ ಹೋಗುವಾಗ ಮತ್ತು ಹೊರಬರುವಾಗ. ಓಸ್ಲೋದಲ್ಲಿ ಮುಂದಿನ ವಿಮಾನದ ಗಡಿಬಿಡಿಯಲ್ಲಿ ಹೊರಬರುವ ಮೊಹರು ಬಿಟ್ಟುಹೋದರೆ, ಸಾಮಾನು ನಾರ್ವೆಯಲ್ಲೇ ಉಳಿಯಿತು ಎಂದು ಲೆಕ್ಕ, ಸುಂಕ ಠೇವಣಿಯಿಂದ ಕಡಿತ. ಆಹಾರ, ಇಂಧನ, ಬ್ಯಾನರ್ ಥರದ ಖರ್ಚಾಗುವ ಸಾಮಾನು ಕಾರ್ನೆಟ್‌ನಲ್ಲಿ ಬರುವುದಿಲ್ಲ.

ಆಹಾರದ ಪೆಟ್ಟಿಗೆಗೆ ಕಚೇರಿ ಕೊಡುವ ಸೂಚನೆ ಅರ್ಧ ಪುಟ. ಮಲೆನಾಡಿನ ತಂಡಕ್ಕೆ ಅತಿ ಮುಖ್ಯವಾದ ಸಾಲೇ ಅದರಲ್ಲಿಲ್ಲ: ತುಪ್ಪ ಒಯ್ಯುವಂತಿಲ್ಲ. ಯುರೋಪ್ ಒಕ್ಕೂಟದ ವಲಯದ ಹೊರಗಿನಿಂದ ಮಾಂಸ, ಹಾಲಿನ ಉತ್ಪನ್ನವನ್ನು ನಾರ್ವೆ ಒಳಗೆ ಬಿಡುವುದಿಲ್ಲ. ತುಪ್ಪ, ಹಾಲಿನ ಪುಡಿ, ಪೇಡ, ಒಣಮಾಂಸ ಎಲ್ಲ ಓಸ್ಲೋದಲ್ಲೇ ಕಸದ ಡಬ್ಬಿಗೆ. ಸ್ಲೆಡ್ಜ್ ಎಳೆಯುವವರಿಗೆ ದಿನಕ್ಕೆ 5,000 ಕ್ಯಾಲರಿಗೂ ಮೇಲೆ ಬೇಕು, ಅದರಲ್ಲಿ ದೊಡ್ಡ ಪಾಲು ಕೊಬ್ಬಿನಿಂದ ಬರಬೇಕು. ತುಪ್ಪದ ಲೆಕ್ಕದಲ್ಲಿ ಊಟದ ಪಟ್ಟಿ ಹಾಕಿದ ತಂಡ ಅಲ್ಲಿ ಇಳಿದ ಮೇಲೆ ಬೆಣ್ಣೆ ಹುಡುಕಿಕೊಂಡು ಅಂಗಡಿಗೆ ಹೋಗಬೇಕಾಗುತ್ತದೆ. ಬೆಣ್ಣೆ, ಚೀಸ್, ಚಾಕೊಲೇಟನ್ನು ಲಾಂಗಿಯರ್‌ಬಿಯೆನ್ ಖರೀದಿ ಎಂದು ಬಜೆಟ್ಟಿನಲ್ಲೇ ಬೇರೆ ಸಾಲಿನಲ್ಲಿ ಬರೆಯಿರಿ. ಸ್ಟೋವಿನ ಇಂಧನ ವಿಮಾನ ಹತ್ತುವುದಿಲ್ಲ, ಅದೂ ಅಲ್ಲೇ ಖರೀದಿ: ಹಿಮ ಕರಗಿಸಿ ನೀರು ಮಾಡುವುದಕ್ಕೂ ಸೇರಿ ತಲೆಗೆ ದಿನಕ್ಕೆ ಕಾಲು ಲೀಟರ್, ನಾಲ್ವರಿಗೆ 20 ದಿನಕ್ಕೆ 20 ಲೀಟರ್, ಮೇಲೆ ಬಿರುಗಾಳಿಯ ದಿನಗಳಿಗೆ ಇನ್ನೊಂದಿಷ್ಟು. ಬಳಸಿದ ಸ್ಟೋವಿನಲ್ಲಿ ಇಂಧನದ ವಾಸನೆ ಉಳಿದಿದ್ದರೂ ಬ್ಯಾಗು ಕೆಳಗಿಳಿಯುತ್ತದೆ. ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲಿ ಮಾತ್ರ. 100 ವ್ಯಾಟ್-ಅವರ್ ಮೀರಿದರೆ ವಿಮಾನ ಕಂಪನಿಯ ಒಪ್ಪಿಗೆ ಮೊದಲೇ ಬೇಕು. ಮಿಡಿ ಉಪ್ಪಿನಕಾಯಿಗೆ ಹಾಲು ಮಾಂಸದ ತಕರಾರಿಲ್ಲ, ಸೀಲು ಮಾತ್ರ ಗಟ್ಟಿಯಿರಲಿ.

ಉಪಗ್ರಹ ಫೋನಿನ ವಿಷಯದಲ್ಲಿ ಇವರಿಗೆ ಪೂರ್ತಿ ಅಂಕ ಕೊಡಬೇಕು. ಆನ್‌ಲೈನಿನಲ್ಲಿ ಇರಿಡಿಯಂ ಫೋನು, ಉಪಗ್ರಹ ಮೆಸೆಂಜರ್ ತರಿಸಿ ಹೊಸನಗರದ ಕಾಡಿನಲ್ಲಿ ಪರೀಕ್ಷೆ ಮಾಡುತ್ತೇವೆ ಎಂದವರನ್ನು ಇವರು ಮೊದಲ ಭೇಟಿಯಲ್ಲೇ ತಡೆಯುತ್ತಾರೆ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅಂಥ ಸಾಧನ ಇಟ್ಟುಕೊಳ್ಳುವುದೇ ಭಾರತದಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲಿ ಬಂಧನವೂ ಆಗಿದೆ. ಬಾಡಿಗೆ ಲಾಂಗಿಯರ್‌ಬಿಯೆನ್‌ನಲ್ಲಿ, ವಾಪಸು ಅಲ್ಲೇ. ಬಾಡಿಗೆ ಕರಾರಿನ ಪ್ರತಿಯನ್ನು ಗವರ್ನರ್ ಅರ್ಜಿಗೆ ಲಗತ್ತಿಸುವುದನ್ನೂ ಇವರು ಮರೆಯುವುದಿಲ್ಲ.

ಇನ್ನು ದುಡ್ಡು. ಪ್ರಾಯೋಜಕರ ಹಣವನ್ನೆಲ್ಲ ತಮ್ಮ ಖಾತೆಗೆ ಹಾಕಿಸಿಕೊಂಡು, ‘ಟೂರ್ ಪ್ಯಾಕೇಜ್’ ಎಂದು ಬಿಲ್ಲು ಮಾಡಿ, ನಾರ್ವೆಗೆ ತಾವೇ ಕಳಿಸುತ್ತೇವೆ ಎನ್ನುವುದು ಇವರ ಪದ್ಧತಿ. ತಂಡಕ್ಕೆ ಇದರಿಂದ ಸಿಗುವ ಅನುಕೂಲ ಒಂದು ಸಹಿ ಕಡಿಮೆ, ಅಷ್ಟೆ. ತೊಂದರೆ ಏನೆಂದರೆ ಯಾತ್ರೆ ರದ್ದಾದರೆ ಹಣ ಯಾರದ್ದು ಎಂಬುದಕ್ಕೆ ದಾಖಲೆ ಇರುವುದಿಲ್ಲ. ನೇರ ದಾರಿ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆ: ಒಬ್ಬ ವ್ಯಕ್ತಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ. ವ್ಯಕ್ತಿಗೆ ಮಾತ್ರ, ಟ್ರಸ್ಟು, ಪಾಲುದಾರಿಕೆ ಸಂಸ್ಥೆ, ಅವಿಭಕ್ತ ಕುಟುಂಬಕ್ಕೆ ಈ ಬಾಗಿಲಿಲ್ಲ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ರವಾನೆಯ ಮೇಲೆ ಬ್ಯಾಂಕು ಮೂಲದಲ್ಲೇ ತೆರಿಗೆ ಹಿಡಿಯುತ್ತದೆ. ನಾಲ್ವರೂ ತಮ್ಮ ಪಾಲನ್ನು ತಮ್ಮ ತಮ್ಮ ಪ್ಯಾನ್‌ನಲ್ಲಿ ಕಳಿಸಿದರೆ ಆ ಮಿತಿ ನಾಲ್ವರಿಗೂ ಬೇರೆ ಬೇರೆ. ಹಿಡಿದ ತೆರಿಗೆ ರಿಟರ್ನ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ಆದರೆ ಆ ತನಕ ಕೈಯಲ್ಲಿರುವುದಿಲ್ಲ. ಯಾತ್ರೆಯ ನಗದು ಲೆಕ್ಕದಲ್ಲಿ ಅದಕ್ಕೂ ಜಾಗ ಬಿಡಿ.

ಪ್ರಾಯೋಜಕತ್ವಕ್ಕೆ ಜಿಎಸ್‌ಟಿ ಶೇ 18. ಯಾರು ಕಟ್ಟಬೇಕು ಎಂಬಲ್ಲಿ ಜಗಳ. ಪ್ರಾಯೋಜಕ ಪಾಲುದಾರಿಕೆಯ ಅಡಿಕೆ ಮಂಡಿಯೋ ಕಂಪನಿಯೋ ಆಗಿದ್ದು, ತಂಡ ಟ್ರಸ್ಟೋ ವ್ಯಕ್ತಿಗಳೋ ಆಗಿದ್ದರೆ ತೆರಿಗೆ ಪ್ರಾಯೋಜಕನ ತಲೆಗೆ, ರಿವರ್ಸ್ ಚಾರ್ಜ್ ಲೆಕ್ಕದಲ್ಲಿ. ತಂಡವೇ ಕಂಪನಿ ಮಾಡಿಕೊಂಡಿದ್ದರೆ 2025ರ ಜನವರಿ 16ರಿಂದ ತಂಡವೇ ಬಿಲ್ಲಿನಲ್ಲಿ ಹಾಕಿ ಕಟ್ಟಬೇಕು. ಇವರ ಮಾದರಿ ಕರಾರು ಇನ್ನೂ ಹಳೆಯ ಒಕ್ಕಣೆಯಲ್ಲೇ ಇದೆ. ಅಮೆರಿಕದಲ್ಲಿರುವ ನೆಂಟರು ಸಹಾಯ ಮಾಡುತ್ತೇವೆ ಎಂದರೆ ಮೊದಲು ಕೇಳಬೇಕಾದದ್ದು ಪಾಸ್‌ಪೋರ್ಟ್ ಯಾವುದು ಎಂದು. ಅಲ್ಲಿನ ಪೌರತ್ವ ಪಡೆದವರು ಊರಿನ ಟ್ರಸ್ಟಿಗೆ ದೇಣಿಗೆ ಕೊಟ್ಟರೆ ಅದು ವಿದೇಶಿ ವಂತಿಗೆ, ವಿದೇಶಿ ವಂತಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ಮುಟ್ಟುವಂತಿಲ್ಲ.

ಆದರೆ ತೆರಿಗೆಗಿಂತ ಅಪಾಯಕಾರಿಯಾದದ್ದು ಆ ಮಾದರಿ ಕರಾರಿನ ಪಾವತಿ ಕಲಮು: ಮುಂಗಡ ಅರ್ಧ, ‘ಗುರಿ ತಲುಪಿದ ಮೇಲೆ’ ಉಳಿದರ್ಧ. ಅಂದರೆ ಬಿರುಗಾಳಿಯಲ್ಲಿ ವಾಪಸು ತಿರುಗುವ ನಿರ್ಧಾರಕ್ಕೆ ಅರ್ಧ ಬಜೆಟ್ಟಿನ ದಂಡ. ಬಾಕಿಯನ್ನು ಗುರಿಗೆ ಕಟ್ಟಬೇಡಿ, ದಿನಾಂಕಕ್ಕೆ ಅಥವಾ ಕೆಲಸಕ್ಕೆ ಕಟ್ಟಿ: ಸಹಿಯ ದಿನ ಅರ್ಧ, ಗವರ್ನರ್ ಒಪ್ಪಿಗೆ ಬಂದ ದಿನ ಕಾಲು, ವಾಪಸು ಬಂದು ಫೋಟೊ ಮತ್ತು ವರದಿ ಕೊಟ್ಟ ದಿನ ಕಾಲು. ಇದು ಹೊಸ ರೋಗವೇನಲ್ಲ. ನಾರ್ವೆಯ ಧ್ರುವ ಅನ್ವೇಷಕ ಅಮುಂಡ್‌ಸೆನ್ 1903ರ ಜೂನ್‌ನಲ್ಲಿ ಸಾಲಗಾರರ ಕೈಗೆ ಸಿಗದ ಹಾಗೆ ರಾತ್ರೋರಾತ್ರಿ ಯೋವಾ ಹಡಗು ಬಿಟ್ಟುಕೊಂಡು ಹೋದವನು. ಉತ್ತರ ಧ್ರುವಕ್ಕೆ ಹೊರಟ ಅಮೆರಿಕದ ಪಿಯರಿಯ ಬೆನ್ನಿಗೆ ಪಿಯರಿ ಆರ್ಕ್ಟಿಕ್ ಕ್ಲಬ್ಬು ಇತ್ತು. ಅಧ್ಯಕ್ಷ ಜೆಸಪ್ ದುಡ್ಡಿಗೆ, ಕಾರ್ಯದರ್ಶಿ ಬ್ರಿಜ್‌ಮನ್ ಪತ್ರಿಕೆ ಮತ್ತು ವ್ಯವಹಾರಕ್ಕೆ. ಬ್ರಿಜ್‌ಮನ್ ಸ್ವತಃ ಬ್ರೂಕ್ಲಿನ್‌ನ ಪತ್ರಿಕೆಯೊಂದರ ವ್ಯವಹಾರ ನೋಡಿಕೊಳ್ಳುತ್ತಿದ್ದವನು. ಊರಲ್ಲಿ ಉಳಿಯುವ ಅಂಥ ಒಬ್ಬರನ್ನು ತಂಡವೇ ಗೊತ್ತುಮಾಡಿಕೊಳ್ಳಬೇಕು. ಶೇ 10ರ ಏಜೆಂಟ್ ಆ ಜಾಗಕ್ಕೆ ಸಲ್ಲ, ಯಾಕೆಂದರೆ ಕರಾರು ದೊಡ್ಡದಾದಷ್ಟೂ ಅವನಿಗೆ ಲಾಭ, ಕರಾರು ಸುರಕ್ಷಿತವಾಗಿದ್ದರೆ ಅವನಿಗೇನೂ ಇಲ್ಲ.

ಬ್ಯಾನರಿನಲ್ಲಿ ಯಾರ ಹೆಸರು ಮೇಲೆ, ಫೋಟೊ ಹಕ್ಕು ಯಾರದು, ಮೊದಲ ಸಂದರ್ಶನ ಯಾವ ವಾಹಿನಿಗೆ, ಸದಸ್ಯರು ಸ್ವಂತವಾಗಿ ಬರೆಯಬಹುದೇ, ಇವೂ ಕಾಗದದ ಮೇಲಿರಲಿ. 1926ರ ಮೇ 11ರಂದು ಸ್ವಾಲ್ಬಾರ್ಡ್‌ನ ನೀ-ಓಲೆಸುಂಡ್‌ನಿಂದ ಹಾರಿ ಧ್ರುವದ ಮೇಲಿಂದ ಅಲಾಸ್ಕ ಮುಟ್ಟಿದ ನೋರ್ಗೆ ವಾಯುನೌಕೆಯಲ್ಲಿ ನಾರ್ವೆಯ ಅಮುಂಡ್‌ಸೆನ್, ಅಮೆರಿಕದ ದುಡ್ಡಿನ ಎಲ್ಸ್‌ವರ್ತ್, ಇಟಲಿಯ ನೊಬಿಲೆ ಮೂವರ ಹೆಸರೂ ಇತ್ತು. ಧ್ರುವದ ಮೇಲೆ ಮೂರು ದೇಶದ ಬಾವುಟ ಎಸೆದರು. ಇಟಲಿಯ ಬಾವುಟ ಉಳಿದವುಗಳಿಗಿಂತ ದೊಡ್ಡದು ಎಂದು ಅಮುಂಡ್‌ಸೆನ್‌ಗೆ ಸಿಟ್ಟು, ಇಳಿದ ಮೇಲೆ ಕೀರ್ತಿ ಯಾರದೆಂದು ವರ್ಷಗಟ್ಟಲೆ ಜಗಳ. ನಮ್ಮ ಬಾವುಟಗಳ ಲೆಕ್ಕ ಇನ್ನೂ ಸೂಕ್ಷ್ಮ. ರಾಷ್ಟ್ರಧ್ವಜದ ಮೇಲೆ ಪ್ರಾಯೋಜಕರ ಲೋಗೊ, ತಂಡದ ಹೆಸರು, ಯಾವ ಅಕ್ಷರವೂ ಕೂಡದು. ಪಾಲಿಯೆಸ್ಟರ್ ಬಟ್ಟೆ 2021ರ ಡಿಸೆಂಬರ್ ತಿದ್ದುಪಡಿಯಿಂದ ನಡೆಯುತ್ತದೆ. ಹಳದಿ ಕೆಂಪು ಕನ್ನಡ ಬಾವುಟ ಒಯ್ಯದ ತಂಡ ಇಲ್ಲಿಂದ ಹೊರಡುವುದಿಲ್ಲ. ಒಯ್ಯಿರಿ, ಆದರೆ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಹಿಡಿದ ಫೋಟೊ ಪತ್ರಿಕೆಗೆ ಕೊಡಬೇಡಿ. ಕರಪತ್ರದಲ್ಲಿ ಭಾರತದ ನಕ್ಷೆ ಹಾಕುವುದಾದರೆ ಸರ್ವೆ ಆಫ್ ಇಂಡಿಯಾದ ಗಡಿರೇಖೆಯದ್ದೇ ಹಾಕಿ. ಇಂಟರ್‌ನೆಟ್ಟಿನಿಂದ ಇಳಿಸಿದ ನಕ್ಷೆಯಲ್ಲಿ ಕಾಶ್ಮೀರ ತುಂಡಾಗಿದ್ದರೆ ಕೇಸು ಬೀಳುತ್ತದೆ, ಪ್ರಾಯೋಜಕ ಹಿಂದೆ ಸರಿಯುತ್ತಾನೆ.

ಬೀಳ್ಕೊಡುಗೆ ಸಮಾರಂಭ ಇವರ ಪ್ಯಾಕೇಜಿನ ಅಲಂಕಾರ. ಕುವೆಂಪು ರಂಗಮಂದಿರ, ಹಾರ, ತುರಾಯಿ, ಜಿಲ್ಲಾ ಉಸ್ತುವಾರಿ ಸಚಿವರಿಂದ ಧ್ವಜ ಹಸ್ತಾಂತರ. ಜಿಲ್ಲಾಡಳಿತವನ್ನು ಸೇರಿಸಿಕೊಂಡರೆ ಆಹ್ವಾನ ಪತ್ರಿಕೆಗೆ ಶಿಷ್ಟಾಚಾರ ಬರುತ್ತದೆ: ಸಂಸದರು, ಶಾಸಕರು, ವಿಧಾನ ಪರಿಷತ್ ಸದಸ್ಯರು, ಮೇಯರ್ ಒಬ್ಬರನ್ನೂ ಬಿಡುವಂತಿಲ್ಲ, ಕ್ರಮ ತಪ್ಪುವಂತಿಲ್ಲ. ಖಾಸಗಿ ಕಾರ್ಯಕ್ರಮವಾಗಿಯೇ ಇಟ್ಟು ಎಲ್ಲ ಪಕ್ಷದವರನ್ನೂ ಕರೆಯುವುದು ಕ್ಷೇಮ. ಅದಕ್ಕಿಂತ ದೊಡ್ಡದು ದಿನಾಂಕ. ಸ್ವಾಲ್ಬಾರ್ಡ್‌ನ ಸ್ಕೀ ಹಂಗಾಮು ಮಾರ್ಚ್ ಕೊನೆಯಿಂದ ಮೇ ಮೊದಲವರೆಗೆ. ನಮ್ಮ ದೊಡ್ಡ ಚುನಾವಣೆಗಳೂ ಅದೇ ಹೊತ್ತಿಗೆ. 2023ರಲ್ಲಿ ಮಾರ್ಚ್ 29ಕ್ಕೆ ನೀತಿ ಸಂಹಿತೆ ಬಂತು, 2024ರಲ್ಲಿ ಮಾರ್ಚ್ 16ಕ್ಕೆ. ಆ ವರ್ಷ ಶಿವಮೊಗ್ಗದ ಮತದಾನ ಮೇ 7ಕ್ಕೆ. ಸಂಹಿತೆ ಬಂದ ಮೇಲೆ ಸಚಿವರು ವೇದಿಕೆಗೆ ಬರುವುದಿಲ್ಲ, ಮಂಜೂರಾಗದ ಸರ್ಕಾರಿ ಅನುದಾನ ಅಲ್ಲೇ ನಿಲ್ಲುತ್ತದೆ. ಚುನಾವಣಾ ವರ್ಷದ ಯಾತ್ರೆಗೆ ಅನುದಾನದ ಆದೇಶ ಫೆಬ್ರವರಿಯೊಳಗೆ ಕೈಗೆ ಬರದಿದ್ದರೆ ಬಜೆಟ್ಟಿನಿಂದ ಆ ಸಾಲು ಹೊಡೆದುಹಾಕಿ.

ಬ್ರೋಷರಿನ ಮುಖಪುಟದಲ್ಲಿ ಭಾರತದ ಆರ್ಕ್ಟಿಕ್ ಸಂಶೋಧನಾ ನೆಲೆ ಹಿಮಾದ್ರಿ ಕೇಂದ್ರದ ಚಿತ್ರ ಹಾಕಿದ್ದಾರೆ. ಇದು ದಾರಿ ತಪ್ಪಿಸುವ ಕೆಲಸ. 2008ರಲ್ಲಿ ನೀ-ಓಲೆಸುಂಡ್‌ನಲ್ಲಿ ಶುರುವಾದ ಆ ಕೇಂದ್ರ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ಅಡಿಯಲ್ಲಿದೆ. ಅಲ್ಲಿಗೆ ಹೋಗುವುದು ವಿಜ್ಞಾನಿಗಳ ಆಯ್ಕೆಯಾದ ಪ್ರಸ್ತಾವಗಳು, ಖಾಸಗಿ ಯಾತ್ರಿಕರಿಗೆ ತಂಗಲು ಅವಕಾಶವಿಲ್ಲ. ಊರು ರೇಡಿಯೊ ಮೌನ ವಲಯ ಬೇರೆ: 2ರಿಂದ 32 ಗಿಗಾಹರ್ಟ್ಸ್‌ವರೆಗಿನ ಪ್ರಸಾರ ನಿಷಿದ್ಧ, ವೈಫೈ, ಬ್ಲೂಟೂತ್ ಎಲ್ಲ ಬಂದ್. ಅಲ್ಲಿಂದ ಲೈವ್ ಕೊಡುತ್ತೇವೆ ಎಂದು ಪ್ರಾಯೋಜಕರಿಗೆ ಮಾತು ಕೊಟ್ಟರೆ ಮಾತು ತಪ್ಪಿದ ಹಾಗೇ.

ದೊಡ್ಡ ರಾಜಕೀಯದ ಬಗ್ಗೆ ಫೈಲಿನಲ್ಲಿ ಒಂದಕ್ಷರವೂ ಇಲ್ಲ. 1920ರ ಸ್ವಾಲ್ಬಾರ್ಡ್ ಒಪ್ಪಂದದಲ್ಲಿ ಭಾರತವೂ ಸೇರಿದೆ, ಸಾರ್ವಭೌಮತ್ವ ನಾರ್ವೆಯದು. ಬಾವುಟ ನೆಟ್ಟು ‘ನಮ್ಮದು’ ಎನ್ನುವ ಭಾಷಣದ ವಿಡಿಯೊ ಮಾಡುವ ಜಾಗ ಅಲ್ಲ. ರಷ್ಯನ್ ಗಣಿ ಊರು ಬ್ಯಾರೆಂಟ್ಸ್‌ಬರ್ಗ್‌ಗೆ ಹೋಗಬಹುದು, ಆದರೆ 2022ರಿಂದ ಸ್ಥಳೀಯ ಪ್ರವಾಸೋದ್ಯಮ ಅಲ್ಲಿನ ರಷ್ಯನ್ ಸರ್ಕಾರಿ ಕಂಪನಿಯ ಜೊತೆ ವ್ಯವಹಾರ ಬಿಟ್ಟಿದೆ. ನಾರ್ವೆಯ ಗೈಡ್ ಕಂಪನಿಯನ್ನು ನಂಬಿ ಹೋದವರು ಇದನ್ನು ಅರಿತಿರಬೇಕು. ಧ್ರುವಕ್ಕೆ ಹಾರುವ ಪ್ಯಾಕೇಜ್ ಮಾರುವಾಗಲಂತೂ 2019 ನೆನಪಿರಲಿ. ಸಮುದ್ರದ ಮಂಜಿನ ಮೇಲಿನ ರಷ್ಯನ್ ಶಿಬಿರ ಬಾರ್ನಿಯೊಗೆ ಹೋಗಬೇಕಿದ್ದ ವಿಮಾನ ಉಕ್ರೇನ್ ಕಂಪನಿಯದು. ಉಕ್ರೇನ್ ಅನುಮತಿ ಕೊಡಲಿಲ್ಲ, ಜನ ಲಾಂಗಿಯರ್‌ಬಿಯೆನ್‌ನಲ್ಲಿ ಕಾದು ವಾಪಸಾದರು, ಆ ವರ್ಷದ ಹಂಗಾಮೇ ರದ್ದು. ಈ ಕಚೇರಿಯ ರಸೀದಿಯಲ್ಲಿ ‘ಅನಿವಾರ್ಯ ಕಾರಣಕ್ಕೆ ರದ್ದಾದರೆ ಹಣ ವಾಪಸಿಲ್ಲ’ ಎಂದು ಸಣ್ಣಕ್ಷರದಲ್ಲಿದೆ. ಯಾರು ರದ್ದು ಮಾಡಿದರೆ ಎಷ್ಟು ವಾಪಸು, ಎಷ್ಟು ದಿನದಲ್ಲಿ ಎಂದು ಕೈಬರಹದಲ್ಲಾದರೂ ಸೇರಿಸಿ, ಮೊಹರು ಹಾಕಿಸಿ. ಕೇಳಿದರೆ ಹಾಕುತ್ತಾರೆ, ತಕರಾರು ಮಾಡುವುದಿಲ್ಲ.

ಒಪ್ಪಿಸುವುದಾದರೆ ವೀಸಾ, ಕಸ್ಟಮ್ಸ್, ಉಪಗ್ರಹ ಫೋನು, ಟಿಕೆಟ್ಟು ಇಷ್ಟನ್ನು ಒಪ್ಪಿಸಿ. ಒಂದು ಎಚ್ಚರ: ಗವರ್ನರ್ ಕಚೇರಿಯ ಅರ್ಜಿ, ಗೈಡ್ ಕಂಪನಿಯ ಪತ್ರವ್ಯವಹಾರ ಎಲ್ಲವೂ ಇವರ ಕಚೇರಿಯ ಇಮೇಲಿನಿಂದ ಹೋಗುತ್ತದೆ. ಭಾನುವಾರ ರಾತ್ರಿ ನಾರ್ವೆಯಿಂದ ಪ್ರಶ್ನೆ ಬಂದರೆ ಸೋಮವಾರ ಹತ್ತೂವರೆಗೆ ಬಾಗಿಲು ತೆರೆದ ಮೇಲೇ ಓದುವುದು. ತಂಡದ ಹೆಸರಿನಲ್ಲೇ ಒಂದು ಇಮೇಲ್ ತೆರೆದು, ಅದರಿಂದಲೇ ಅರ್ಜಿ ಹಾಕಿಸಿ, ಪಾಸ್‌ವರ್ಡು ತಂಡದ ನಾಯಕರ ಹತ್ತಿರವೂ ಊರಲ್ಲಿ ಉಳಿಯುವ ಒಬ್ಬರ ಹತ್ತಿರವೂ ಇರಲಿ.